ಮಿತ್ಸುಯೊ ಅಮ್ಮನ ಸಾರಿನ ಗಡಿಗೆ

ನಾನು ಒಂದು ಮಣ್ಣಿನ ಗಡಿಗೆ. ನೀವು ಸಂತೆಯಲ್ಲಿ ಕಾಣುವಂಥದ್ದಲ್ಲ. ನನಗೆ ಕತ್ತಿಲ್ಲ, ಹೊಟ್ಟೆ ಅಗಲ, ಎರಡು ಮೋಟು ಕಿವಿಗಳು, ತಲೆಯ ಮೇಲೊಂದು ದಪ್ಪ ಮುಚ್ಚಳ. ನಾನು ಹುಟ್ಟಿದ್ದು ಜಪಾನಿನ ಬೆಟ್ಟಗಳ ನಡುವಿನ ಒಂದು ಕುಂಬಾರರ ಊರಿನಲ್ಲಿ. ತಣ್ಣಗೆ ಮಲಗಿದ್ದ ಜೇಡಿಮಣ್ಣನ್ನು ಅಗೆದರು, ತುಳಿದರು, ಗರಗರನೆ ತಿರುಗಿಸಿದರು, ಆಮೇಲೆ ಬೆಂಕಿಗೆ ದೂಡಿದರು. ಹುಟ್ಟು ಎಂದರೆ ಇಷ್ಟು ಉರಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಆ ದಿಗಿಲಿನಲ್ಲೇ ಗಟ್ಟಿಯಾದೆ.

ನಮ್ಮ ಕುಲದವರ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ಏನು ಹುಯ್ದರೂ ಒಂದಿಷ್ಟು ಒಳಗೆ ಎಳೆದುಕೊಳ್ಳುತ್ತೇವೆ. ಎಷ್ಟು ತಿಕ್ಕಿದರೂ ಅದು ಹೋಗುವುದಿಲ್ಲ.

ನನ್ನನ್ನು ಕೊಂಡವರು ಮಿತ್ಸುಯೊ ಎಂಬ ಹೆಂಗಸು. ಗಂಡನಿಗೆ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಾಗ, ನನ್ನನ್ನು ಹಳೆಯ ಸ್ವೆಟರುಗಳಲ್ಲಿ ಸುತ್ತಿ ಜೊತೆಗೆ ತಂದರು. ಕೆಲವು ವರ್ಷಗಳಲ್ಲಿ ಗಂಡ ತೀರಿಕೊಂಡರು. ಊರಿಗೆ ಹಿಂದಿರುಗುತ್ತಾರೆ ಎಂದು ಎಲ್ಲರೂ ಅಂದುಕೊಂಡರೆ, ಅವರು ವಿಜಯನಗರದ ಒಂದು ಅಡ್ಡರಸ್ತೆಯಲ್ಲಿ ಟೈಲರ್ ಅಂಗಡಿಯ ಪಕ್ಕ ಚಿಕ್ಕ ಹೋಟೆಲು ತೆರೆದರು. ನಾಲ್ಕೇ ಮೇಜು. ಗೋಡೆಯಾಚೆ ಬಚ್ಚಿಟ್ಟ ಅಡುಗೆಮನೆಯಿಲ್ಲ. ಒಂದು ಕಟ್ಟೆ, ಕಟ್ಟೆಯ ಈಚೆ ಒಲೆ, ಒಲೆಯ ಮೇಲೆ ನಾನು. ಬಿಸಿ ಅನ್ನ, ಒಂದು ಬಟ್ಟಲು ಸಾರು, ಮೂಲಂಗಿ ಉಪ್ಪಿನಕಾಯಿ, ಏನಾದರೊಂದು ಪಲ್ಯ. ಅವರ ತಾಯಿ ಮನೆಯಲ್ಲಿ ಬಡಿಸುತ್ತಿದ್ದ ಊಟವೇ. ಆಟೋ ಓಡಿಸುವವರೂ ಯೋಚಿಸದೆ ಒಳಗೆ ಬರುವಷ್ಟು ಅಗ್ಗ. ಬಂದವರು ಮೊದಲು ಅನುಮಾನದಿಂದ ಮೂಸುತ್ತಿದ್ದರು, ಆಮೇಲೆ ಬಟ್ಟಲು ಎತ್ತಿ ಕುಡಿಯುತ್ತಿದ್ದರು.

ಒಂದು ಮಧ್ಯಾಹ್ನ ಸರ್ವಮಂಗಳಾ ಮೇಡಂ ಬಂದರು. ಬಂದರು ಎನ್ನುವುದಕ್ಕಿಂತ, ಬಾಗಿಲ ಬಳಿಯ ಕುರ್ಚಿಗೆ ಕುಸಿದರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ತಲೆಗೆ ಬಿಗಿದ ಹತ್ತಿಯ ವಸ್ತ್ರ. ಕ್ಯಾನ್ಸರಿಗೆ ಔಷಧಿ ಹಾಕಿಸಿಕೊಂಡು ಆಸ್ಪತ್ರೆಯಿಂದ ಬರುವಾಗ ತಲೆ ಸುತ್ತಿತ್ತು. ಜೊತೆಗಿದ್ದ ತಮ್ಮ ಮರುಳಸಿದ್ದಪ್ಪ ನೀರು ಕೇಳಿದರು. ಮಿತ್ಸುಯೊ ನೀರಿನ ಜೊತೆ ಒಂದು ಬಟ್ಟಲು ಸಾರನ್ನೂ ತಂದಿಟ್ಟರು.

"ಇದ್ರಲ್ಲಿ ಮಾಂಸ ಏನೂ ಇಲ್ಲ ತಾನೆ?" ಎಂದು ಸಿದ್ದಪ್ಪ ಕೇಳಿದರು.

"ಮಾಂಸ ಇಲ್ಲ. ಕೋಳಿ ಇಲ್ಲ. ಮೊಟ್ಟೆ ಇಲ್ಲ," ಎಂದು ಮಿತ್ಸುಯೊ ತಮಗೆ ಗೊತ್ತಿದ್ದ ಕನ್ನಡದಲ್ಲಿ ಒಂದೊಂದೇ ಮಾತನ್ನು ಇಟ್ಟರು.

ಮೇಡಂ ಒಂದು ಗುಟುಕು ಕುಡಿದರು. ಕಣ್ಣಲ್ಲಿ ನೀರು ಬಂತು. ಔಷಧಿ ಶುರುವಾದಾಗಿನಿಂದ ಬಾಯಿಗೆ ಏನಿಟ್ಟರೂ ತುಕ್ಕಿನ ರುಚಿಯಂತೆ, ತಿಂದದ್ದೆಲ್ಲ ವಾಂತಿಯಂತೆ. ಈ ಸಾರೊಂದು ಮಾತ್ರ ಸಾರಿನಂತೆಯೇ ಇದೆ ಎಂದು ತಮ್ಮನಿಗೆ ಹೇಳಿದರು. ಹೊಟ್ಟೆಯಲ್ಲೂ ಅದು ನಿಂತಿತು. ಅಂದಿನಿಂದ ದಿನಾ ಬಂದರು. ತಿಂಗಳುಗಳು ಕಳೆದಂತೆ ಕೆನ್ನೆ ತುಂಬಿಕೊಂಡಿತು, ಸಾರಿಗೆ ಅನ್ನ ಕಲಸಿಕೊಳ್ಳುವಷ್ಟಾದರು. ಮಿತ್ಸುಯೊ ನನ್ನೊಳಗೆ ಹಾಕುತ್ತಿದ್ದ ತೆಳ್ಳನೆಯ ಕಂದು ಚಕ್ಕೆಗಳನ್ನು ಕಟ್ಟೆಯಾಚೆಯಿಂದ ನೋಡಿ, ಅದು ಯಾವುದೋ ಮರದ ತೊಗಟೆ, ನಮ್ಮ ದಾಲ್ಚಿನ್ನಿಯ ಹಾಗೆ, ಎಂದು ಅಕ್ಕ ತಮ್ಮ ಮಾತಾಡಿಕೊಂಡದ್ದನ್ನು ನಾನೇ ಕೇಳಿದ್ದೇನೆ. ಬಡಗಿಯ ಉಜ್ಜುಗೊರಡಿನಿಂದ ಹೆರೆದ ಹಾಗೆಯೇ ಇದ್ದವು ಅವು.

ಆಮೇಲೆ ಹೊಂಬಾಳಮ್ಮ ಕೆಲಸಕ್ಕೆ ಸೇರಿದರು. ಮದ್ದೂರಿನ ಕಡೆಯ ಹೆಂಗಸು, ಹೊಳೆಮೀನು ತಿಂದು ಬೆಳೆದವರು. ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ, ಚಕ್ಕೆಗಳ ಹೊಸ ಪೊಟ್ಟಣ ಬಿಚ್ಚಿ ಮೂಸಿ, ಯಾವ ಕೆಟ್ಟ ಯೋಚನೆಯೂ ಇಲ್ಲದೆ, ಸಂತೋಷದಿಂದಲೇ ಕೇಳಿದರು:

"ಅಮ್ಮಾರೆ, ಇದು ಒಣಮೀನು ಅಲ್ವಾ?"

ಮಿತ್ಸುಯೊ ನಗುತ್ತ ಹೌದೆಂದು ತಲೆಯಾಡಿಸಿದರು.

ಸರ್ವಮಂಗಳಾ ಮೇಡಂ ಬಟ್ಟಲನ್ನು ತುಟಿಗೆ ಇಟ್ಟಿದ್ದರು. ಅದು ಅಲ್ಲೇ ನಿಂತಿತು. ಆ ಕೈ ಬಟ್ಟಲನ್ನು ಮೇಜಿನ ಮೇಲೆ ಇಳಿಸುವುದನ್ನು ನೋಡಿದೆ; ಒಂದು ಹನಿಯೂ ಚೆಲ್ಲಲಿಲ್ಲ. ಎದ್ದು ಬಾಗಿಲ ತನಕ ನಡೆದರು. ಹೊರಗೆ ಚರಂಡಿಯ ಬಳಿ ಬಗ್ಗಿದರು. ತಿಂಗಳುಗಟ್ಟಲೆ ಅವರ ಹೊಟ್ಟೆಯಲ್ಲಿ ನಿಂತಿದ್ದ ನನ್ನ ಸಾರು ಅಂದು ನಿಲ್ಲಲಿಲ್ಲ.

"ಒಂದು ಮಾತು ಹೇಳೋಕಾಗ್ಲಿಲ್ವಾ ನಿಮಗೆ?" ಎಂದರು ಸಿದ್ದಪ್ಪ.

ಮಿತ್ಸುಯೊ ಸಿದ್ದಪ್ಪನವರ ಮುಖವನ್ನೂ ಬಾಗಿಲನ್ನೂ ನೋಡಿದರು. "ಮೀನು... ಮಾಂಸಾನಾ?" ಎಂದು ಮೆಲ್ಲಗೆ ಕೇಳಿದರು.

"ಮಾಂಸಾನೇ," ಎಂದರು ಸಿದ್ದಪ್ಪ. ನಾನೂ ದಂಗಾಗಿದ್ದೆ. ನಾನು ಹುಟ್ಟಿದ ಊರಿನಲ್ಲಿ ಸಾರಿಗೆ ಆ ಚಕ್ಕೆ ಹಾಕುವುದೆಂದರೆ ನೀರು ಹಾಕಿದಷ್ಟೇ ಸಹಜ. ಮಿತ್ಸುಯೊ ಸುಳ್ಳು ಹೇಳಿರಲಿಲ್ಲ. ಹಾಗಿದ್ದೂ ಒಬ್ಬರ ಬದುಕಿನ ನೇಮ ನನ್ನ ಹೊಟ್ಟೆಯಲ್ಲಿ ಮುರಿದುಹೋಗಿತ್ತು. ಮಿತ್ಸುಯೊ ನೆಲಕ್ಕೆ ಮಂಡಿಯೂರಿ, ಹಣೆಯನ್ನು ನೆಲಕ್ಕೆ ತಾಗಿಸಿದರು. ಊಟ ಮಾಡುತ್ತಿದ್ದವರೆಲ್ಲ ಕೈ ಹಾಗೇ ಹಿಡಿದು ಕುಳಿತರು. ಸಿದ್ದಪ್ಪ ಹೊರಡುವ ಮುನ್ನ ನನ್ನ ಕಡೆ ಬೆರಳು ತೋರಿಸಿ, "ಅದನ್ನ ಒಡೆದುಹಾಕಿ," ಎಂದರು.

ಮೇಡಂ ಬರುವುದು ನಿಂತಿತು. ತನ್ನ ಬಾಯಿಂದಲೇ ಹೀಗಾಯಿತೆಂದು ಹೊಂಬಾಳಮ್ಮ ಅತ್ತು, ಕೆಲಸ ಬಿಡುತ್ತೇನೆ ಎಂದರು. ಮಿತ್ಸುಯೊ ಆಕೆಯ ಕೈ ಹಿಡಿದು, ಹೇಳಿದ್ದು ಒಳ್ಳೆಯದಾಯಿತು, ಕೇಳಬೇಕಾಗಿದ್ದವಳು ನಾನು, ಎಂದರು. ಕೆಲವು ದಿನಗಳ ಮೇಲೆ ಹೊಂಬಾಳಮ್ಮನಿಗೆ ಸಿದ್ದಪ್ಪ ಔಷಧಿ ಅಂಗಡಿಯ ಬಳಿ ಸಿಕ್ಕಿದ್ದರಂತೆ. ಅಕ್ಕ ಪೂಜೆಗೆ ಕೂತರೆ ಏಳುವುದಿಲ್ಲ, ಊಟ ಸೇರುವುದಿಲ್ಲ, ಡಾಕ್ಟರು ಮೂಗಿಗೆ ಕೊಳವೆ ಹಾಕುವ ಮಾತಾಡುತ್ತಿದ್ದಾರೆ ಎಂದು ಹೇಳಿ ರಸ್ತೆಯಲ್ಲೇ ಕಣ್ಣೊರೆಸಿಕೊಂಡರಂತೆ.

ಮಿತ್ಸುಯೊ ಅಂದೇ ಹೊಂಬಾಳಮ್ಮನ ಜೊತೆ ಹೋಗಿ ಹೊಸ ಸ್ಟೀಲ್ ಪಾತ್ರೆ ತಂದರು. ಮೀನಿಲ್ಲದ ಸಾರಿಗಾಗಿ ದಿನವೂ ಪ್ರಯತ್ನಿಸಿದರು. ನಾನು ಪಕ್ಕದಲ್ಲಿ ಖಾಲಿ ಕುಳಿತು ನೋಡಿದೆ.

ಆಮೇಲೊಂದು ಮಧ್ಯಾಹ್ನ ಮೇಡಂ ತಮ್ಮನ ತೋಳು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಕೆನ್ನೆಯ ಮೂಳೆ ಎದ್ದಿತ್ತು. ಅವರನ್ನು ಕಂಡದ್ದೇ ಮಿತ್ಸುಯೊ ನನ್ನ ಎರಡು ಕಿವಿ ಹಿಡಿದು, ಹೊಸ್ತಿಲಾಚೆಯ ಕಲ್ಲಿನ ಮೆಟ್ಟಿಲಿಗೆ ಅಪ್ಪಳಿಸಲು ಎತ್ತಿದರು. ಬೆಂಕಿಯೊಳಗೂ ನಾನು ಅಷ್ಟು ಹೆದರಿರಲಿಲ್ಲ.

"ಇಳಿಸಿ ಅದನ್ನ," ಎಂದರು ಮೇಡಂ. "ಒಡೆದ್ರೆ ನನ್ನ ಹೊಟ್ಟೆಗೆ ಹೋದದ್ದು ಹೋಗಿಲ್ಲ ಅಂತಾಗುತ್ತಾ? ಅನ್ನ ಇಳೀದಿದ್ದಾಗ ನನ್ನ ಉಳಿಸಿದ್ದು ಅದೇ. ಅದನ್ನ ನಾನು ಒಪ್ಪಲಾರೆ, ಇಲ್ಲ ಅಂತಾನೂ ಅನ್ನಲಾರೆ." ಸ್ವಲ್ಪ ಉಸಿರು ತೆಗೆದುಕೊಂಡರು. "ಮೀನಿಲ್ದೆ ಮಾಡೋಕೆ ಬರುತ್ತಾ ನಿಮಗೆ?"

ಮಿತ್ಸುಯೊ ನನ್ನನ್ನು ನೆಲಕ್ಕಿಳಿಸಿ ಒಲೆಯ ಕಡೆ ನಡೆದರು. ಮೇಡಂ ಗೋಡೆ ಹಿಡಿದುಕೊಂಡು ಕಟ್ಟೆಯ ಒಳಗೇ ಬಂದು ನಿಂತರು. ಸ್ಟೀಲ್ ಪಾತ್ರೆಗೆ ಬಿದ್ದ ಒಂದೊಂದನ್ನೂ ಕೇಳಿದರು: ಹುರಿದ ಸೋಯಾಕಾಳು, ಮೂಲಂಗಿ, ಕಪ್ಪು ಪಟ್ಟಿಯಂಥ ಕಡಲಸೊಪ್ಪು. ಕಡಲಸೊಪ್ಪಿನ ಹತ್ತಿರ ಅನುಮಾನವಾಗಿ ಹೊಂಬಾಳಮ್ಮನ ಮುಖ ನೋಡಿದರು. ಹೊಂಬಾಳಮ್ಮ ಮೂಸಿ, ಕಚ್ಚಿ, "ಸೊಪ್ಪೇಯ ಕಣ್ರವ್ವ," ಎಂದರು.

ಮೇಡಂ ಒಂದು ಗುಟುಕು ಕುಡಿದರು.

"ಅದಲ್ಲ ಇದು," ಎಂದರು. ಮತ್ತೆ ಕುಡಿದರು. ತಳ ಕಾಣುವ ತನಕ ಕುಡಿದು ಬಟ್ಟಲು ಕೆಳಗಿಟ್ಟರು. "ನಾಳೆ ಇನ್ನೊಂಚೂರು ಉಪ್ಪು ಹಾಕಿ."

ಸಿದ್ದಪ್ಪ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಸಾರು ಅಂದಿನಿಂದ ಎರಡು ಬಗೆಯಾಯಿತು, ಎರಡಕ್ಕೂ ಬೇರೆ ಪಾತ್ರೆ. ಮಿತ್ಸುಯೊ ಅಕ್ಷರ ಕಲಿತು, ಯಾವುದರಲ್ಲಿ ಮೀನಿದೆ ಎಂದು ಹಲಗೆಯ ಮೇಲೆ ಸೊಟ್ಟ ಕನ್ನಡದಲ್ಲಿ ಬರೆದು ಬಾಗಿಲಿಗೇ ತೂಗುಹಾಕಿದರು. ನಾನು ಕಣ್ಣೆದುರು ಇರುವಷ್ಟು ದಿನ ಮೇಡಂಗೆ ಕಷ್ಟವೆಂದು ನನ್ನನ್ನು ಹೊಂಬಾಳಮ್ಮನಿಗೆ ಕೊಟ್ಟರು. ಅಲ್ಲಿ ಮೊದಲ ದಿನವೇ ಬ್ಯಾಡಗಿ ಮೆಣಸಿನಕಾಯಿ, ಹುಣಸೆಹುಳಿ, ಕೆರೆಯ ಮೀನು. ನನ್ನ ಮೈಯ ರಂಧ್ರಗಳೆಲ್ಲ ಒಮ್ಮೆಲೇ ಉರಿದವು. ಹಾಗೇ ವರ್ಷಗಳು ಕಳೆದವು. ತಳ ಬಿರುಕು ಬಿಟ್ಟ ಮೇಲೆ ಒಲೆಯಿಂದಿಳಿದು, ಈಗ ನಡುಮನೆಯ ಮೂಲೆಯಲ್ಲಿ ಬೆಳ್ಳುಳ್ಳಿ ತುಂಬಿಕೊಂಡು ಕುಳಿತಿದ್ದೇನೆ.

ಮೊನ್ನೆ ಹೊಂಬಾಳಮ್ಮನ ಮಗಳಿಗೆ ಗಂಡು ಗೊತ್ತಾಯಿತೆಂದು ಹರಸಲು ಸರ್ವಮಂಗಳಾ ಮೇಡಂ ಬಂದಿದ್ದರು. ತಲೆಯ ತುಂಬ ನರೆಗೂದಲು, ಕೋಲಿಲ್ಲದ ನಡಿಗೆ. ನನ್ನನ್ನು ನೋಡಿದರು, ಗುರುತು ಹಿಡಿದರು. ಆಮೇಲೆ ಕುಡಿಯಲು ನೀರು ಕೇಳಿದರು.

ಹೊಂಬಾಳಮ್ಮ ತಬ್ಬಿಬ್ಬಾದರು. ಪಕ್ಕದ ಅಂಗಡಿಯಿಂದ ಬಾಟಲಿ ತರಿಸ್ತೀನಿ, ನಮ್ಮನೆ ಲೋಟದಲ್ಲಿ ನಿಮಗೆ ಹೇಗೆ, ಎಂದು ತಡವರಿಸಿದರು.

"ಲೋಟ ತೊಳೆದಿದೀಯ ತಾನೆ? ಕೊಡು," ಎಂದರು ಮೇಡಂ.

ಹೊಂಬಾಳಮ್ಮ ಕೊಟ್ಟರು. ಮೇಡಂ ಲೋಟ ಕಚ್ಚಿ, ನಿಧಾನವಾಗಿ, ಪೂರ್ತಿ ಕುಡಿದರು. ಇಷ್ಟು ವಯಸ್ಸಾದ ಮೇಲೆ ನನ್ನನ್ನು ಬೆಚ್ಚಿಬೀಳಿಸುವಂಥದ್ದು ಏನೂ ಉಳಿದಿಲ್ಲ ಎಂದುಕೊಂಡಿದ್ದೆ. ಮಣ್ಣಿನ ನನಗೆ ಒಳಗಿಳಿದದ್ದನ್ನು ಬಿಡಲು ಬರುವುದಿಲ್ಲ. ಅವರಿಗೂ ಬಂದಿರಲಿಕ್ಕಿಲ್ಲ, ಆದರೂ ಖಾಲಿ ಲೋಟ ಮುಂದೆ ಚಾಚಿ, ಇನ್ನೊಂದು ಲೋಟ ಕೇಳಿದರು.