ಮುಂದಿನ ಸೀಟು, ಹಿಂದಿನ ಸೀಟು

ನಾನು ಒಂದು ಸೈಕಲ್ಲು. ಇಬ್ಬರು ಒಟ್ಟಿಗೆ ತುಳಿಯುವ ಉದ್ದನೆಯ ಸೈಕಲ್ಲು. ನನಗೆ ಒಂದರ ಹಿಂದೆ ಒಂದು ಸೀಟು, ಒಂದರ ಹಿಂದೆ ಒಂದು ಹ್ಯಾಂಡಲ್ಲು. ಆದರೆ ತಿರುಗುವುದು ಮುಂದಿನ ಹ್ಯಾಂಡಲ್ಲು ಮಾತ್ರ, ಹಿಂದಿನದು ಹಿಡಿದುಕೊಳ್ಳುವುದಕ್ಕಷ್ಟೆ. ಬ್ರೇಕೂ ಮುಂದಿನವರ ಕೈಯಲ್ಲೇ. ಪೆಡಲುಗಳನ್ನು ಮಾತ್ರ ಚೈನು ಒಂದಕ್ಕೊಂದು ಕಟ್ಟಿಹಾಕಿದೆ. ಒಬ್ಬರು ತುಳಿದರೆ ಇನ್ನೊಬ್ಬರ ಕಾಲೂ ತಿರುಗಲೇಬೇಕು.

ನಾನು ಹುಟ್ಟಿದ್ದು ಮೈಸೂರಿನ ಮಂಡಿ ಮೊಹಲ್ಲಾದ ಒಂದು ಶೆಡ್ಡಿನಲ್ಲಿ. ಇನಾಯತ್ ಸಾಬರು ಅಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದರು, ವೆಲ್ಡಿಂಗೂ ಮಾಡುತ್ತಿದ್ದರು. ಒಂದು ದಿನ ಫಿಲೋಮಿನಾ ಟೀಚರ್ ಎರಡು ಸೈಕಲ್ಲುಗಳನ್ನು ತಂದು ಅವರ ಮುಂದೆ ನಿಲ್ಲಿಸಿದರು. ಒಂದು ಅವರದು, ಇನ್ನೊಂದು ಅವರ ಗೆಳತಿ ವೈಜಯಂತಿಯವರದು. ಎರಡಕ್ಕೂ ಜಲ್ಲಿ ದಾರಿಯಲ್ಲಿ ಓಡಾಡುವುದಕ್ಕೆಂದು ಹಾಕಿದ್ದ ಅಗಲ ಟೈರುಗಳಿದ್ದವು.

"ಸಾಬ್ರೇ, ಇವೆರಡನ್ನೂ ಸೇರಿಸಿ ಒಂದು ಮಾಡ್ಕೊಡಿ. ಇಬ್ರು ಕೂರೋ ಹಾಗೆ," ಎಂದರು.

"ಇಷ್ಟು ಚೆನ್ನಾಗಿರೋ ಗಾಡೀನ ಕೊಯ್ಯೋದಾ ಟೀಚರಮ್ಮ?"

"ವೈಜೂಗೆ ಕಣ್ಣು ಹೆಚ್ಚುಕಮ್ಮಿ ಹೋಗೇಬಿಟ್ಟಿದೆ. ಇನ್ಮೇಲೆ ಅವಳು ಒಬ್ಬಳೇ ಓಡ್ಸೋ ಹಾಗಿಲ್ಲ."

ಸಾಬರು ವೆಲ್ಡಿಂಗಿನ ಕನ್ನಡಕ ಹಾಕಿಕೊಂಡರು. ಗ್ಯಾಸು ಹಚ್ಚಿದರು. ನಾನು ಹಾಗೆ ಹುಟ್ಟಿದೆ.

ಇಬ್ಬರೂ ಒಂದೇ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದವರು. ಫಿಲೋಮಿನಾ ಪಿ.ಟಿ. ಟೀಚರು, ಗಟ್ಟಿ ಗಂಟಲಿನ ಎತ್ತರದ ಹೆಂಗಸು. ವೈಜಯಂತಿ ಭೂಗೋಳದ ಟೀಚರು. ಬೋರ್ಡಿನ ಮೇಲೆ ನಕ್ಷೆ ಬರೆಯುತ್ತಿದ್ದ ಅವರಿಗೆ ಮೊದಲು ಅಂಚುಗಳು ಮಸುಕಾದವು, ಆಮೇಲೆ ನಡು. ನಾನು ಕಣ್ಣುಬಿಡುವ ಹೊತ್ತಿಗೆ ಅವರಿಗೆ ಬೆಳಕು ಕತ್ತಲೆಯ ವ್ಯತ್ಯಾಸವಷ್ಟೇ ತಿಳಿಯುತ್ತಿತ್ತು. ಕೆಲಸ ಬಿಟ್ಟಿದ್ದರು. ಮದುವೆಯಾಗಿರಲಿಲ್ಲ, ತಮ್ಮ ಮಧುಕರನ ಮನೆಯಲ್ಲಿದ್ದರು.

ನನ್ನ ಜಾಗ ಫಿಲೋಮಿನಾ ಅವರ ಮನೆಯ ವರಾಂಡದಲ್ಲಿ, ನಡುಮನೆಯ ಕಿಟಕಿಯ ಪಕ್ಕ. ಭಾನುವಾರ ಪೂಜೆ ಮುಗಿಸಿ ಚರ್ಚಿನಿಂದ ಬಂದ ಕೂಡಲೇ ಅವರು ಸೀರೆ ಬಿಚ್ಚಿ ಪ್ಯಾಂಟು ಹಾಕಿಕೊಂಡು ನನ್ನನ್ನು ಹೊರಗೆ ತರುತ್ತಿದ್ದರು. ಗೇಟಿನ ಹತ್ತಿರ ಮಧುಕರ ಅಕ್ಕನನ್ನು ಸ್ಕೂಟರಿನಿಂದ ಇಳಿಸಿ ಹೋಗಿರುತ್ತಿದ್ದ. ಊರು ದಾಟಿ ನಾಲೆಯ ಏರಿ ಹಿಡಿದರೆ ಟಾರು ಮುಗಿಯುತ್ತಿತ್ತು. ನನ್ನ ಟೈರುಗಳ ಕೆಳಗೆ ಜಲ್ಲಿ ಕರಕರ ಎನ್ನುತ್ತಿತ್ತು. ನಾಲೆ ಬಿಟ್ಟು ದನ ಮೇಯುವ ಕಾವಲಿನ ಕಡೆ ತಿರುಗಿದರೆ ದಿಣ್ಣೆ, ಇಳಿಜಾರು, ಮತ್ತೆ ದಿಣ್ಣೆ. ಹುರುಳಿ ಹೊಲಗಳು, ಜಾಲಿ, ಅಲ್ಲಲ್ಲಿ ಸಾಲು ನೆಟ್ಟ ಹೊಂಗೆ.

ಫಿಲೋಮಿನಾ ದಾರಿಯುದ್ದಕ್ಕೂ ಮಾತಾಡುತ್ತಿದ್ದರು.

"ಮುಂದೆ ಗುಂಡಿ, ಸೀಟಿಂದ ಏಳು. ಹಾಂ, ಕೂತ್ಕೋ. ಎಡಕ್ಕೆ ಹುರುಳಿ ಕಿತ್ತು ಮೆದೆ ಹಾಕಿದಾರೆ ಕಣೇ. ಮೆದೆ ಮೇಲೆ ಒಬ್ಬ ಮಲ್ಗಿದಾನೆ, ಬಾಯಿ ತೆಕ್ಕೊಂಡು. ನೊಣ ಹೋದ್ರೂ ಗೊತ್ತಾಗಲ್ಲ ಅವನಿಗೆ."

"ಎಷ್ಟು ವಯಸ್ಸಿರಬಹುದು?"

"ನಮ್ಮ ಹೆಡ್‌ಮಾಸ್ಟ್ರಷ್ಟು. ನಿದ್ದೇನೂ ಅವರ ಥರಾನೇ. ತುಳಿ, ತುಳಿ, ಏರು ಬಂತು."

ವೈಜಯಂತಿ ನಗುತ್ತ ತುಳಿಯುತ್ತಿದ್ದರು. 'ತುಳಿ' ಎಂದರೆ ತುಳಿಯಬೇಕು, 'ಬಿಡು' ಎಂದರೆ ಕಾಲು ಸಡಿಲ ಬಿಡಬೇಕು. ಇಬ್ಬರ ನಡುವೆ ಅಷ್ಟೇ ಕಾನೂನು. ದಿಣ್ಣೆಯ ನೆತ್ತಿಯಲ್ಲಿ ಇಳಿದು ನೀರು ಕುಡಿಯುವಾಗ ವೈಜಯಂತಿ ಗಾಳಿ ಬರುವ ಕಡೆಗೆ ಮುಖ ಮಾಡಿ ನಿಲ್ಲುತ್ತಿದ್ದರು. ಒಂದು ಸಲ ಹೇಳಿದರು: "ಮನೇಲಿ ಎಲ್ರೂ ನನ್ನ ಹತ್ರ ಮೆತ್ತಗೆ ಮಾತಾಡ್ತಾರೆ ಫಿಲೋ. ಕಣ್ಣು ಹೋದ್ರೆ ಕಿವೀನೂ ನೋಯುತ್ತೇನೋ ಅನ್ನೋ ಹಾಗೆ. ನೀನೊಬ್ಳೇ ಕೂಗೋದು."

ನನ್ನ ಒಳ್ಳೆಯ ಕಾಲ ಅದು. ಅದು ಮುಗಿದದ್ದು ಒಂದು ಸೋಮವಾರ ಬೆಳಿಗ್ಗೆ.

ಫಿಲೋಮಿನಾ ವರಾಂಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ನನ್ನ ಚೈನು ಒರೆಸುತ್ತಿದ್ದರು. ಬಟ್ಟೆ ಕೈಯಿಂದ ಜಾರಿತು. ಎತ್ತಿಕೊಳ್ಳಲು ಹೋದರು, ಬಲಗೈ ಏಳಲಿಲ್ಲ. ಗೋಡೆಗೆ ಒರಗಿದರು. ಬಾಯಿ ಒಂದು ಪಕ್ಕಕ್ಕೆ ಎಳೆದಿತ್ತು. ಒಳಗೆ ಅಡಿಗೆಮನೆಯಲ್ಲಿದ್ದ ಗಂಡ ಲಾರೆನ್ಸರನ್ನು ಕರೆಯಲು ಹೊರಟರೆ ಬಂದ ಮಾತು ಬೇರೆ.

"ಆಯ್ತು," ಎಂದರು. ಮತ್ತೆ ಜೋರಾಗಿ, "ಆಯ್ತು. ಆಯ್ತು."

"ಆಯ್ತಾ? ಹಾಗಾದ್ರೆ ಕೈ ತೊಳ್ಕೊಂಡು ಬಾ, ಕಾಫಿ ಆರುತ್ತೆ," ಎಂದು ಒಳಗಿನಿಂದ ಉತ್ತರ ಬಂತು.

ಲಾರೆನ್ಸ್ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದವರು, ಹೆಂಡತಿಗಾಗಿ ಕಾಫಿ ಮಾಡುವುದನ್ನು ಇಷ್ಟಪಡುತ್ತಿದ್ದವರು. ಎರಡನೇ ಸಲ ಬಿಸಿ ಮಾಡಿದ ಮೇಲೆ ಹೊರಗೆ ಬಂದು ನೋಡಿದರು. ಲೋಟ ನನ್ನ ಚಕ್ರದ ಹತ್ತಿರ ಬಿತ್ತು.

ಆಸ್ಪತ್ರೆಯಿಂದ ಬಂದ ಫಿಲೋಮಿನಾಗೆ ನಡಿಗೆ ನಿಧಾನವಾಗಿ ಮರಳಿತು, ಬಲಗಾಲು ಎಳೆಯುತ್ತ. ಬಲಗೈ ಮರಳಲಿಲ್ಲ. ಮಾತೂ ಮರಳಲಿಲ್ಲ. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಹೇಳಬೇಕೆಂದಿದ್ದೂ ತಲೆಯಲ್ಲಿರುತ್ತಿತ್ತು. ಬಾಯಿ ತೆರೆದರೆ 'ಆಯ್ತು' ಒಂದೇ. ನೀರು ಬೇಕಿದ್ದರೂ ಆಯ್ತು, ನೋವಾದರೂ ಆಯ್ತು, ಬೇಡವೆಂದರೂ ಆಯ್ತು. ಲಾರೆನ್ಸ್ ಹೆಂಡತಿಯ ಮುಖ ನೋಡಿ ತಿಳಿದುಕೊಳ್ಳುತ್ತಿದ್ದರು. ವೈಜಯಂತಿ ನೋಡುವುದು ಹೇಗೆ? ಅವರು ಬಂದಾಗ ಗೆಳತಿಯ ಎಡಗೈ ಹಿಡಿದು ಕೂರುತ್ತಿದ್ದರು. ಹೌದಾದರೆ ಒಂದು ಸಲ ಒತ್ತಬೇಕು, ಇಲ್ಲವಾದರೆ ಎರಡು ಸಲ. ಒಬ್ಬರಿಗೆ ಕಣ್ಣಿಲ್ಲ, ಒಬ್ಬರಿಗೆ ಮಾತಿಲ್ಲ; ನಡುವೆ ಆ ಒಂದು ಕೈ ಉಳಿದಿತ್ತು.

ಫಿಲೋಮಿನಾ ನಡೆಯುವ ಅಭ್ಯಾಸ ಮಾಡುವಾಗ ವರಾಂಡಕ್ಕೆ ಬಂದು ನನ್ನ ಮುಂದಿನ ಸೀಟಿನ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು. ಲಾರೆನ್ಸ್ ಅದನ್ನು ವೈಜಯಂತಿಗೆ ಹೇಳಿದರು. ಹೇಳಬಾರದಿತ್ತು ಎಂದು ಆಮೇಲೆ ಅವರಿಗೆ ಅನ್ನಿಸಿರಬೇಕು.

"ಒಂದ್ಸಲ ಕರ್ಕೊಂಡ್ ಹೋಗೋಣ," ಎಂದರು ವೈಜಯಂತಿ.

"ಡಾಕ್ಟ್ರು ಕೇಳಿದ್ರೆ ಬೈತಾರೆ."

"ನಾಲೆ ಏರಿ ಮೇಲೆ, ಸಮ ಇರೋ ಕಡೆ. ಸ್ವಲ್ಪ ದೂರ. ಅವಳ ಕಾಲಿಗೂ ನಾನೇ ತುಳೀತೀನಿ ಲಾರೆನ್ಸ್ ಅವ್ರೇ. ಅವಳು ಹ್ಯಾಂಡಲ್ ಹಿಡ್ಕೊಂಡ್ರೆ ಸಾಕು." ಆಮೇಲೆ ಗೆಳತಿಯ ಕಡೆ ತಿರುಗಿ, "ಬರ್ತೀಯಾ?" ಎಂದರು.

ಎಡಗೈ ಒಂದು ಸಲ ಒತ್ತಿತು. ಫಿಲೋಮಿನಾ ನಗುತ್ತಿದ್ದರು. ಆ ಕಾಯಿಲೆ ಬಂದ ಮೇಲೆ ಲಾರೆನ್ಸ್ ಆ ನಗು ನೋಡಿರಲಿಲ್ಲ. ಒಪ್ಪಿಕೊಂಡರು.

ಇನಾಯತ್ ಸಾಬರು ಮನೆಗೇ ಬಂದು ಎರಡು ಬ್ರೇಕನ್ನೂ ಎಡಗೈಗೆ ತಂದರು. ಬಲಗಾಲು ಜಾರದ ಹಾಗೆ ಪೆಡಲಿಗೆ ಒಂದು ಪಟ್ಟಿ ಹಾಕಿದರು. ಲಗೇಜ್ ಆಟೋದಲ್ಲಿ ನನ್ನನ್ನು ನಾಲೆಯವರೆಗೆ ಸಾಗಿಸಿದರು. ನಾಲೆಗೆ ನೀರು ನಿಲ್ಲಿಸಿದ್ದ ಕಾಲ ಅದು. ಲಾರೆನ್ಸ್ ಸೀಟು ಹಿಡಿದುಕೊಂಡು ಪಕ್ಕದಲ್ಲೇ ಓಡಿದರು, ಆಮೇಲೆ ಕೈ ಬಿಟ್ಟರು. ನಾನು ನೆಟ್ಟಗೆ ಹೋಗುತ್ತಿದ್ದೆ. ಒಂದೇ ಎಡಗೈಯಲ್ಲಿ ಹಿಡಿದಿದ್ದರೂ ಫಿಲೋಮಿನಾ ದಾರಿ ತಪ್ಪಲಿಲ್ಲ. ಹಿಂದಿನ ಸೀಟಿನಲ್ಲಿ ವೈಜಯಂತಿ ಏದುಸಿರು ಬಿಡುತ್ತ ಇಬ್ಬರ ಪಾಲನ್ನೂ ತುಳಿಯುತ್ತಿದ್ದರು.

"ಹೇಗಿದೆ ಫಿಲೋ?"

"ಆಯ್ತು," ಎಂದರು ಫಿಲೋಮಿನಾ. ಆ 'ಆಯ್ತು' ಸಂತೋಷದ್ದು. ನನಗೆ ಗೊತ್ತು, ಹ್ಯಾಂಡಲಿನ ಮೇಲೆ ಅವರ ಕೈ ಹಗುರವಾಗಿತ್ತು.

ಲಾರೆನ್ಸ್ ಹಿಂದೆ ಉಳಿದರು. ದಾರಿ ತಿರುಗಿತು. ತಿರುವಿನ ಆಚೆ ಏರಿಯ ರಿಪೇರಿಗೆಂದು ಯಾರೋ ಜಲ್ಲಿ ಸುರಿದು ಹೋಗಿದ್ದರು, ದಾರಿಗೆ ಅಡ್ಡಲಾಗಿ. ಫಿಲೋಮಿನಾ ಅದನ್ನು ಕಂಡರು. 'ಬಿಡು' ಎನ್ನಬೇಕಿತ್ತು.

"ಆಯ್ತು," ಎಂದರು. "ಆಯ್ತು, ಆಯ್ತು, ಆಯ್ತು."

ವೈಜಯಂತಿ ನಕ್ಕರು. ಗೆಳತಿಯ ಧ್ವನಿ ಅಷ್ಟು ಏರಿದ್ದು ಎಷ್ಟೋ ತಿಂಗಳ ಮೇಲೆ. "ತುಳೀತಿದೀನಿ ಕಣೇ," ಎನ್ನುತ್ತ ಇನ್ನಷ್ಟು ಜೋರಾಗಿ ತುಳಿದರು. ಫಿಲೋಮಿನಾ ಅವರ ಎಡಗೈ ಬ್ರೇಕನ್ನು ಪೂರ್ತಿ ಹಿಂಡಿತು. ಸಡಿಲ ಜಲ್ಲಿಯ ಮೇಲೆ ನನ್ನ ಚಕ್ರಗಳು ಹಿಡಿತ ಕಳೆದುಕೊಂಡವು. ಕಲ್ಲು ಕಟ್ಟಿದ ಇಳಿಜಾರಿನಲ್ಲಿ ಮೂವರೂ ಒಣ ನಾಲೆಗೆ ಉರುಳಿದೆವು. ವೈಜಯಂತಿ ಆಚೆ ಎಸೆಯಲ್ಪಟ್ಟರು. ಅಂಗೈ ತರಚಿತು, ಅಷ್ಟೆ. ಫಿಲೋಮಿನಾ ಅವರ ಬಲಗಾಲು ಪೆಡಲಿನ ಪಟ್ಟಿಯಲ್ಲಿ ಸಿಕ್ಕಿಕೊಂಡಿತ್ತು. ಸೊಂಟದ ಮೂಳೆ ಮುರಿಯಿತು. ಊರಿದ ಎಡ ಮುಂಗೈಯೂ ಮುರಿಯಿತು.

"ಫಿಲೋ, ಎಲ್ಲಿದೀಯ? ಮಾತಾಡು, ಮಾತಾಡು," ಎಂದು ವೈಜಯಂತಿ ಕಲ್ಲುಗಳ ಮೇಲೆ ಕೈಯಾಡಿಸುತ್ತ ಹುಡುಕುತ್ತಿದ್ದರು, ತಪ್ಪು ದಿಕ್ಕಿನಲ್ಲಿ.

ಫಿಲೋಮಿನಾ ಅವರನ್ನು ಮನೆಗೆ ತಂದ ಮೇಲೆ ನಡುಮನೆಯಲ್ಲಿ, ಕಿಟಕಿಯ ಕೆಳಗೆ ಮಂಚ ಹಾಕಿದರು. ನನ್ನನ್ನು ಯಾರೋ ತಂದು ಹಳೆಯ ಜಾಗದಲ್ಲೇ ಒರಗಿಸಿದ್ದರು. ಹಾಗಾಗಿ ಕಿಟಕಿಯಿಂದ ನನಗೆ ಎಲ್ಲ ಕಾಣುತ್ತಿತ್ತು. ಎಡಗೈಗೆ ಬೆರಳ ತುದಿಯವರೆಗೂ ಪ್ಲಾಸ್ಟರ್. ಬಲಗೈ ಮೊದಲೇ ಸತ್ತದ್ದು.

ವೈಜಯಂತಿ ತಮ್ಮನ ತೋಳು ಹಿಡಿದು ಬಂದರು. ಮಧುಕರ ಗೇಟಿನಲ್ಲೇ ನಿಂತ. ಅವರು ಕುರ್ಚಿಯಲ್ಲಿ ಕೂತು ಕೈ ಹುಡುಕಿದರು. ಒರಟು ಪ್ಲಾಸ್ಟರ್ ಸಿಕ್ಕಿತು. ಕೈ ಹಿಂದಕ್ಕೆ ತೆಗೆದುಕೊಂಡರು.

"ಫಿಲೋ, ನನ್ನ ಮೇಲೆ ಸಿಟ್ಟಾ?"

"ಆಯ್ತು."

"ಸಿಟ್ಟು ಬಂದಿದ್ರೂ ಸರಿ. ನಂಗೆ ಗೊತ್ತಾಗಬೇಕು, ಅಷ್ಟೆ."

"ಆಯ್ತು, ಆಯ್ತು, ಆಯ್ತು."

ಫಿಲೋಮಿನಾ ತಲೆಯನ್ನು ಅತ್ತಿತ್ತ ಆಡಿಸುತ್ತಿದ್ದರು. ಇಲ್ಲ, ಇಲ್ಲ ಎಂದು. ಕಣ್ಣೀರು ಕಿವಿಗೆ ಇಳಿಯುತ್ತಿತ್ತು. ತುಟಿಗಳನ್ನು ಮುಂದೆ ಚಾಚುತ್ತಿದ್ದರು, ಮಗುವನ್ನು ಮುದ್ದಿಸುವವರ ಹಾಗೆ. ಅಷ್ಟು ಸ್ಪಷ್ಟವಾದ ಉತ್ತರವನ್ನು ನಾನು ಬೇರೆ ಯಾವ ಮುಖದಲ್ಲೂ ಕಂಡಿಲ್ಲ.

ಅಡಿಗೆಮನೆಯ ಬಾಗಿಲಲ್ಲಿ ಲಾರೆನ್ಸ್ ನಿಂತಿದ್ದರು. ಅವರೂ ಕಂಡರು.

ವೈಜಯಂತಿಗೆ ಅವರ ಉಸಿರು ಕೇಳಿಸಿರಬೇಕು. "ಲಾರೆನ್ಸ್ ಅವ್ರೇ, ನೀವಿದೀರಲ್ಲ. ಅವಳ ಮುಖ ಹೇಗಿದೆ? ಅದೊಂದು ಹೇಳಿ."

ಲಾರೆನ್ಸ್ ಸುಮ್ಮನಿದ್ದರು. ನಾಲೆಯ ಏರಿಯ ಮೇಲೆ ಒಬ್ಬರೇ ಓಡಿಬಂದದ್ದು, ಹೆಂಡತಿಯ ಕಾಲನ್ನು ಪಟ್ಟಿಯಿಂದ ಬಿಡಿಸಿದ್ದು ಎಲ್ಲವೂ ಅವರ ಕಣ್ಣ ಮುಂದೆ ಬಂತೋ ಏನೋ. ಹೇಳಿದರೆ ಇವರು ಮತ್ತೆ ಬರುತ್ತಾರೆ, ಮತ್ತೆ ಏನಾದರೂ ಕೇಳುತ್ತಾರೆ ಎಂದು ಹೆದರಿದರೋ ಏನೋ. ಫಿಲೋಮಿನಾ ಈಗ ಗಂಡನ ಕಡೆ ನೋಡುತ್ತಿದ್ದರು. ಹೇಳು ಎನ್ನುವ ಹಾಗೆ.

"ನೋವಿದೆ ಅವಳಿಗೆ," ಎಂದರು ಲಾರೆನ್ಸ್. "ನೀವು ಹೋಗಿ ಬನ್ನಿ."

ವೈಜಯಂತಿ ಕುರ್ಚಿಯ ಕೈ ಹುಡುಕಿ ಹಿಡಿದರು. ಎದ್ದು ನಿಂತು, "ಮುಖ ಹೇಗಿದೆ ಅಂದ್ರೆ ನೀವು ಸುಮ್ಮನಾದ್ರಿ. ಗೊತ್ತಾಯ್ತು ನಂಗೆ," ಎಂದರು. "ಇನ್ನು ತೊಂದ್ರೆ ಕೊಡಲ್ಲ."

ಹಿಂದಿನಿಂದ "ಆಯ್ತು, ಆಯ್ತು" ಎಂಬ ಕೂಗು ಗೇಟಿನವರೆಗೂ ಅವರ ಬೆನ್ನು ಹತ್ತಿತು. ಆ ಮಾತು ವೈಜಯಂತಿಗೆ ಹೇಗೆ ಕೇಳಿಸಿರಬೇಕು ಎಂದು ನೀವೇ ಯೋಚಿಸಿ. ಅವರು ತಿರುಗಲಿಲ್ಲ. ಮತ್ತೆ ಬರಲಿಲ್ಲ.

ಭಾನುವಾರ ಸ್ಕೂಟರಿನ ಸದ್ದು ಕೇಳಿದರೆ ಫಿಲೋಮಿನಾ ಕಿಟಕಿಯ ಕಡೆ ಮುಖ ತಿರುಗಿಸಿ ಅಳುತ್ತಿದ್ದರು. ಸ್ಕೂಟರು ಮುಂದೆ ಹೋಗುತ್ತಿತ್ತು. ಲಾರೆನ್ಸ್ ಕೆಲವು ಸಲ ವರಾಂಡಕ್ಕೆ ಬಂದು ಫೋನು ತೆಗೆದು, ಅದನ್ನೇ ನೋಡುತ್ತ ನಿಂತು, ಮತ್ತೆ ಜೇಬಿಗಿಡುತ್ತಿದ್ದರು. ಕೊನೆಗೆ ಕಾವಲಿನ ಪಾರ್ಕಿನಲ್ಲಿ ಸೈಕಲ್ಲು ಬಾಡಿಗೆಗೆ ಕೊಡುವ ಪುಟ್ಟಮಾದು ಎಂಬವನನ್ನು ಕರೆಸಿ ನನ್ನನ್ನು ಕೊಟ್ಟುಬಿಟ್ಟರು.

"ಇದು ಕಣ್ಣಿಗೆ ಬಿದ್ರೆ ಸಾಕು, ಅವಳು ಅಳ್ತಾಳೆ," ಎಂದರು.

ಅವರು ಅಳುತ್ತಿದ್ದದ್ದು ನನ್ನನ್ನು ನೋಡಿ ಅಲ್ಲ. ನನ್ನ ಆಚೆಗಿದ್ದ ಗೇಟನ್ನು ನೋಡಿ. ಅದು ಲಾರೆನ್ಸರಿಗೂ ಗೊತ್ತಿತ್ತೆಂದು ನನಗೆ ಅನ್ನಿಸುತ್ತದೆ.

ಪಾರ್ಕಿನಲ್ಲಿ ನನ್ನನ್ನು ಎಲ್ಲರೂ ಇಷ್ಟಪಟ್ಟರು. ಹೊಸದಾಗಿ ಮದುವೆಯಾದವರು ಬಂದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಸ್ವಲ್ಪ ದೂರ ತುಳಿದು, ವಾಲಾಡಿ, ಕಿರುಚಿ, ಇಳಿದುಬಿಡುತ್ತಿದ್ದರು. ದಿಣ್ಣೆಯ ನೆತ್ತಿಯವರೆಗೆ ಯಾರೂ ಹೋಗಲಿಲ್ಲ. ಕಾಲೇಜಿನವರು ಗುಂಪಾಗಿ ಹತ್ತಿ ನನ್ನ ನಡುಭಾಗವನ್ನು ಬಗ್ಗಿಸಿದರು. ಸಾಬರು ಬೆಸೆದಿದ್ದ ಜಾಗದಲ್ಲಿ ಬಿರುಕು ಬಂತು. "ಇನ್ನು ಇದರಲ್ಲಿ ಜನ ಕೂರಿಸೋ ಹಾಗಿಲ್ಲ," ಎಂದ ಪುಟ್ಟಮಾದು. ಮಳೆಗಾಲವೆಲ್ಲ ಕ್ಯಾಂಟೀನಿನ ಹಿಂದೆ ನೆನೆದೆ. ಪಾರ್ಕು ಸ್ವಚ್ಛ ಮಾಡುವಾಗ ನನ್ನನ್ನು ಗುಜರಿಗೆ ಹಾಕಿದರು.

ಈಗ ನಾನಿರುವುದು ಹೆದ್ದಾರಿ ಪಕ್ಕದ ಗುಜರಿ ಅಂಗಳದಲ್ಲಿ, ಹಳೆಯ ವಾಟರ್ ಟ್ಯಾಂಕುಗಳ ಸಂದಿಯಲ್ಲಿ. ಟೈರು ಯಾರೋ ಬಿಚ್ಚಿಕೊಂಡು ಹೋದರು. ಚೈನು ತುಕ್ಕು ಹಿಡಿದು ಒಂದೇ ತುಂಡಾಗಿದೆ. ಗ್ಯಾಸಿನಿಂದ ಕಬ್ಬಿಣ ಕತ್ತರಿಸುವವನು ಆ ಕಡೆಯ ರಾಶಿಯಿಂದ ಶುರುಮಾಡಿದ್ದಾನೆ, ದಿನಕ್ಕಿಷ್ಟು ಹತ್ತಿರ ಬರುತ್ತಿದ್ದಾನೆ. ಸಾವಿಗೆ ನನಗೆ ಭಯವಿಲ್ಲ. ಗ್ಯಾಸಿನ ಬೆಂಕಿಯಲ್ಲೇ ಹುಟ್ಟಿದವನು ನಾನು.

ಫಿಲೋಮಿನಾ ಟೀಚರ್ ಇದ್ದಾರೋ ಇಲ್ಲವೋ ತಿಳಿಯದು. ವೈಜಯಂತಿ ಟೀಚರ್ ಮಧುಕರನ ಮನೆಯ ಯಾವುದೋ ಕೋಣೆಯಲ್ಲಿ, ಮೆತ್ತಗೆ ಮಾತಾಡುವ ಜನರ ನಡುವೆ, ತನ್ನ ಗೆಳತಿ ಸಿಟ್ಟಿನಿಂದ ತನ್ನನ್ನು ಕಳಿಸಿಬಿಟ್ಟಳೆಂದು ನಂಬಿಕೊಂಡು ಕೂತಿರಬೇಕು. ಅದು ಸುಳ್ಳೆಂದು ಬಲ್ಲವರು ಮೂವರೇ. ಒಬ್ಬರಿಗೆ ಮಾತು ಬಾರದು. ಒಬ್ಬರು ಹೇಳಲಿಲ್ಲ. ಮೂರನೆಯವನು ನಾನು. ಈಗ ಇಷ್ಟೆಲ್ಲ ಹೇಳಿದ್ದೇನೆ. ಆದರೆ ಹೇಳಬೇಕಾಗಿದ್ದದ್ದು ನಿಮಗಲ್ಲ.