ಓರೆ ಅಕ್ಷರದ ಅವ್ವ

ಪ್ರಕಾಶನದ ಕಚೇರಿಯಲ್ಲಿ ಪುಟ ಜೋಡಿಸುವ ಹುಡುಗಿಗೆ ಇಟಾಲಿಕ್ ಎನ್ನುವ ಓರೆ ಅಕ್ಷರದ ಮೇಲೆ ಎಲ್ಲಿಲ್ಲದ ಮೋಹ. ದಪ್ಪ ಗೆರೆ ಇಳಿಯುತ್ತಾ ಕೂದಲೆಳೆಯಷ್ಟು ತೆಳ್ಳಗಾಗಿ, ತುದಿಯಲ್ಲೊಂದು ಪುಟ್ಟ ಚುಂಚು ಮೂಡಿಸಿಕೊಂಡು ನಿಲ್ಲುತ್ತಿತ್ತು. ಅರ್ಪಣೆಯ ಸಾಲಿಗೆ, ಚಿತ್ರದ ಅಡಿಬರಹಕ್ಕೆ ಅದೇ ಬೇಕು. ಇಡೀ ಪುಟಕ್ಕೆ ಹಾಕಿದರೆ ಮಾತ್ರ ಕಣ್ಣು ಸೋಲುತ್ತದೆ. ಸಿಂಗರಿಸಿಕೊಂಡವಳನ್ನು ಪಾತ್ರೆ ತಿಕ್ಕಲು ಕೂರಿಸಿದ ಹಾಗೆ. ಅದಕ್ಕೆ ಇನ್ನೊಂದು ಕೆಲಸವೂ ಇತ್ತು. ಪುಸ್ತಕದ ಭಾಷೆಗೆ ಸೇರದ ಮಾತು ಬಂದರೆ ಅದನ್ನು ಓರೆ ಮಾಡಬೇಕು. ಯಾವುದು ಸೇರದ್ದು ಎಂದು ತೀರ್ಮಾನಿಸುವವಳು ಇವಳೇ. ಆ ದೊಡ್ಡಸ್ತಿಕೆ ಇವಳಿಗೆ ಒಳಗೊಳಗೇ ಹಿಡಿಸಿತ್ತು.

ಈ ಸಲ ಬಂದದ್ದು, ಹೆಸರಾಂತ ಹೃದ್ರೋಗ ತಜ್ಞೆಯೊಬ್ಬರು ತಮ್ಮ ತಾಯಿಯ ಬಗ್ಗೆ ಬರೆದ ಪುಸ್ತಕ. ಕರಡು ನೋಡಲು ಡಾಕ್ಟರಮ್ಮ ತಾವೇ ಬಂದರು. ನಾಲ್ಕು ಹಾಳೆ ತಿರುವಿ ಕನ್ನಡಕ ತೆಗೆದರು.

“ಅಲ್ಲಮ್ಮಾ, ನಮ್ಮವ್ವ ಯಾಕೆ ಎಲ್ಲಾ ಕಡೆ ವಾಲ್ಕೊಂಡಿದ್ದಾಳೆ?”

“ಅವ್ವ ಅನ್ನೋದು ಆಡುಮಾತಲ್ವಾ ಮೇಡಂ. ಬೇರೆ ಥರದ ಮಾತು ಅಂತ ಗೊತ್ತಾಗ್ಲಿ ಅಂತ...”

“ಬೇರೆ ಯಾರಿಗೆ? ನೀವು ಮನೇಲಿ ಏನಂತ ಕರೀತೀರಿ?”

“ಅಮ್ಮ ಅಂತ,” ಎಂದುಬಿಟ್ಟಳು. ಹಸಿ ಸುಳ್ಳು.

ಅಷ್ಟರಲ್ಲಿ ಮೇಜಿನ ಮೇಲೆ ಫೋನು ಬಡಿದುಕೊಂಡಿತು. ತಾಯಿಯದೇ. “ಹೇಳಿ ಅಮ್ಮ,” ಎಂದಳು. “ಏನಿಲ್ಲ, ಆಮೇಲೆ ಮಾಡ್ತೀನಿ,” ಎಂದು ತಾಯಿ ಫೋನಿಟ್ಟುಬಿಟ್ಟಳು. ಕಚೇರಿಗೆ ಮಾಡಿದಾಗಲೆಲ್ಲ ಹೀಗೇ, ಒಂದು ಮಾತಿಗೆ ಮುಗಿಸುತ್ತಿದ್ದಳು. ಕೆಲಸದ ಹೊತ್ತು ಎಂಬ ಸಂಕೋಚವಿರಬೇಕೆಂದು ಮಗಳು ತಿಳಿದಿದ್ದಳು.

ಡಾಕ್ಟರಮ್ಮ ಎದ್ದರು. “ಬದುಕಿದ್ದಷ್ಟು ದಿನ ಯಾರ ಮುಂದೂ ಬಗ್ಗಿದೋಳಲ್ಲ ನಮ್ಮವ್ವ. ನೆಟ್ಟಗೆ ನಿಲ್ಲಿಸಿ.”

ಒಂದೇ ಏಟಿಗೆ ಎಲ್ಲವನ್ನೂ ನೆಟ್ಟಗೆ ಮಾಡಬಹುದಿತ್ತು. ಇವಳು ಒಂದೊಂದಾಗಿ ಮಾಡಿದಳು. ಅವ್ವ ತಲೆ ಬಾಚಿದಳು. ಅವ್ವ ಬೈದಳು. ಅವ್ವ ಉಣ್ಣದೆ ಮಲಗಿದಳು. ಪ್ರತಿ ಸಲವೂ ಕಿವಿಯವರೆಗೆ ಬಿಸಿಯೇರಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಫೋನಿನಲ್ಲಿ “ಅವ್ವಾ” ಎಂದಾಗ ಹಿಂದಿನ ಮೇಜಿನಲ್ಲಿ ಯಾರೋ ಕಿಸಕ್ಕೆಂದಿದ್ದರು. ಯಾರೂ ಬೈದಿರಲಿಲ್ಲ, ಹೀಯಾಳಿಸಿರಲಿಲ್ಲ. ಒಂದು ಕಿಸಕ್ಕಿಗೆ ಹೆತ್ತವಳ ಹೆಸರನ್ನೇ ಬದಲಾಯಿಸಿದ್ದಳು. ಅಂದಿನಿಂದ ಜನರೆದುರು ಅಮ್ಮ, ಯಾರೂ ಇಲ್ಲದಾಗ ಮಾತ್ರ ಅವ್ವ. ನಾಚಿಕೆಯಿಂದ ಹಿಡಿಯಷ್ಟಾಗಿ ಹೋದಳು.

ಕೊನೆಯ ಪುಟ ಮುಗಿಸಿ ಫೋನು ತೆಗೆದುಕೊಂಡಳು. ಸಂಪಾದಕರು, ಲೆಕ್ಕ ಬರೆಯುವವನು, ಹಿಂದಿನ ಮೇಜಿನವರು, ಎಲ್ಲರೂ ಇದ್ದರು. ಬೇಕೆಂದೇ ಗಟ್ಟಿಯಾಗಿ ಕರೆದಳು.

“ಅವ್ವಾ.”

ಆ ಕಡೆಯ ದನಿ ಅರಳಿತು. “ಏನೇ ಮಗಳೇ, ಆಚೆ ಬಂದ್ಯಾ? ಪಕ್ಕದಲ್ಲಿ ಯಾರೂ ಇಲ್ವಾ?”

ಇವಳು ಕುರ್ಚಿಯನ್ನು ಹಿಂದಿನ ಮೇಜಿನ ಕಡೆಗೆ ತಿರುಗಿಸಿಕೊಂಡಳು.

“ಇದ್ದಾರವ್ವ. ಎಲ್ಲಾರೂ ಇದ್ದಾರೆ.”

ಆ ದನಿ ತಟ್ಟನೆ ಇಳಿಯಿತು. “ಮತ್ತೆ ಮೆಲ್ಲಗೆ ಮಾತಾಡೇ, ಕೇಳಿಸೀತು.”