ತೇಪೆಯ ಕೊಟ್ಟಿಗೆ

"ಇದೆ ಕಣ್ರಯ್ಯಾ, ಇದೆ! ಮೂಗಿನ ನೇರಕ್ಕೇ ಇದೆ!"

ಹಿಲ್ಮಾ ಬೈದದ್ದು ಅಡುಗೆಮನೆಯ ಮೇಜಿನ ಮೇಲಿದ್ದ ಲ್ಯಾಪ್‌ಟಾಪಿಗೆ. ಅದರ ಪಕ್ಕದಲ್ಲಿ ಕುಡಿಯಲು ಮರೆತ ಕಾಫಿ, ಕಾಫಿಯಲ್ಲಿ ಅರ್ಧ ಮುಳುಗಿ ಮೆತ್ತಗಾಗಿ ಹೋದ ಏಲಕ್ಕಿ ಬ್ರೆಡ್ಡಿನ ಚೂರು. ಬಾಗಿಲ ಹತ್ತಿರ ನಿಂತು ಬೂಟಿನ ಹಿಮ ಕೊಡವುತ್ತಿದ್ದ ಗಂಡ ರೇನೋ ತನಗೇ ಏನೋ ಹೇಳಿದಳು ಅಂದುಕೊಂಡು ತಲೆ ಎತ್ತಿದ.

"ಯಾರಿಗೇ ಅದು?"

"ಊರಿಗೆಲ್ಲ. ಪ್ರಪಂಚಕ್ಕೆಲ್ಲ. ಬಟನ್ ಕಾಣಲ್ವಂತೆ ಇವರಿಗೆ. ಕಣ್ಣಿಗೆ ಹತ್ತಿ ತುಂಬ್ಕೊಂಡಿದಾರಾ ಎಲ್ಲರೂ?"

"ಹತ್ತಿ ತುಂಬ್ಕೊಳ್ಳೋದು ಕಿವಿಗಲ್ವಾ?"

"ರೇನೋ, ನೀನು ಹೋಗಿ ಸೌನಾಗೆ ಸೌದೆ ಹಾಕು."

ಹಿತ್ತಲಿನ ಹಬೆಸ್ನಾನದ ಕೋಣೆಗೆ ಸೌದೆ ಹಾಕಲು ರೇನೋ ಹೋಗಲಿಲ್ಲ. ಹೆಂಡತಿ ಹೀಗೆ ಕುದಿಯುವಾಗ ಪಕ್ಕದಲ್ಲಿ ಯಾರಾದರೂ ಇರಬೇಕು, ಇಲ್ಲದಿದ್ದರೆ ಉಕ್ಕಿ ಒಲೆಗೇ ಚೆಲ್ಲುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಒಂದು ಕುರ್ಚಿ ಎಳೆದುಕೊಂಡು ಕೂತ.

ಹ್ಯಾನ್‌ಕಾಕ್ ಊರಿನಲ್ಲಿ ಹಿಲ್ಮಾ ಎಂದರೆ ರಸ್ತೆ ಕಚೇರಿಯ ಹಿಲ್ಮಾ. ಹಿಮ ತೆಗೆಯುವ ಲಾರಿಗಳಿಗೆ ರೇಡಿಯೋದಲ್ಲಿ ದಾರಿ ಹೇಳುವವಳು, ದಾರಿ ತಪ್ಪಿದ ಡ್ರೈವರುಗಳನ್ನು ಹೆಸರು ಹಿಡಿದು ಗದರಿಸುವವಳು. ಆದರೆ ಊರಿನ ಆಚೆ, ಅವಳ ಮುಖ ಕಂಡಿರದ ಸಾವಿರಾರು ಜನಕ್ಕೆ ಅವಳು ಕೊಟ್ಟಿಗೆಯ ಯಜಮಾನಿ. ಬೇರೆಯವರು ಕಟ್ಟಿದ ಜಾಲತಾಣ ನಮ್ಮ ಕಂಪ್ಯೂಟರಿನಲ್ಲಿ ತೆರೆದುಕೊಂಡಾಗ ಅದನ್ನು ನಮಗೆ ಬೇಕಾದ ಹಾಗೆ ತಿದ್ದಿಕೊಡುವ ಪುಟ್ಟ ಪುಟ್ಟ ಪ್ರೋಗ್ರಾಮುಗಳಿವೆಯಲ್ಲ, ಅವನ್ನು ಈ ಬಳಗದವರು ತೇಪೆ ಎನ್ನುತ್ತಾರೆ. ಒಂದು ತೇಪೆ ಅಕ್ಷರ ದೊಡ್ಡದು ಮಾಡುತ್ತದೆ, ಇನ್ನೊಂದು ಕುಣಿಯುವ ಜಾಹೀರಾತನ್ನು ಕಿತ್ತು ಬಿಸಾಡುತ್ತದೆ. ಬರೆದವರು ಅದನ್ನು ತಂದು ಕೊಟ್ಟಿಗೆಯಲ್ಲಿ, ಅಂದರೆ ಹಿಲ್ಮಾ ನಡೆಸುವ ಸೈಟಿನಲ್ಲಿ, ಇಡುತ್ತಾರೆ. ಬೇಕಾದವರು ಬಟನ್ ಒತ್ತಿ ತಮ್ಮ ಬ್ರೌಸರಿಗೆ ಹಾಕಿಕೊಳ್ಳುತ್ತಾರೆ. ಯಾರಿಗೂ ದುಡ್ಡಿಲ್ಲ, ದುಗ್ಗಾಣಿಯಿಲ್ಲ. ಹಿಲ್ಮಾಗಂತೂ ಬೈಗುಳವೇ ಸಂಬಳ.

ಹಳೆಯ ಕೊಟ್ಟಿಗೆ ಸೋರುತ್ತಿತ್ತು. ಹುಡುಕಿದ್ದು ಸಿಗುತ್ತಿರಲಿಲ್ಲ, ಫೋನಿನಲ್ಲಿ ಓದಲಾಗುತ್ತಿರಲಿಲ್ಲ, ಹಾಕಿಕೊಳ್ಳುವ ಬಟನ್ನು ಪುಟದ ತೀರಾ ತಳದಲ್ಲಿ, ನೆಲಮಾಳಿಗೆಯ ದೀಪದ ಸ್ವಿಚ್ಚಿನಂತೆ ಅಡಗಿರುತ್ತಿತ್ತು. ಜನ ವರ್ಷಗಟ್ಟಲೆ ಗೊಣಗಿದರು. ಕೊನೆಗೆ ಈ ಚಳಿಗಾಲ ಪೂರ್ತಿ ಕೂತು ಹಿಲ್ಮಾ ಇಡೀ ಸೈಟನ್ನು ಬುಡದಿಂದ ಕಟ್ಟಿದಳು. ಪುಸ್ತಕ ನೋಡಿ, ಇನ್ನೊಬ್ಬರ ಕೋಡ್ ನೋಡಿ, ಕೆಡಿಸಿ, ಕಣ್ಣೀರು ಹಾಕಿ ಕಲಿತ ಕೆಲಸ ಅದು. ನಿನ್ನೆ ಸಂಜೆ ಹಳೆಯದನ್ನು ಇಳಿಸಿ ಹೊಸದನ್ನು ಏರಿಸಿದ್ದಳು. ಬೆಳಿಗ್ಗೆ ಎದ್ದು ನೋಡಿದರೆ ಚಾವಡಿಯಲ್ಲಿ, ಅಂದರೆ ಸೈಟಿನ ಚರ್ಚೆಯ ಪುಟದಲ್ಲಿ, ರಣರಂಗ.

"ಬಟನ್ ಎಲ್ಲಿ?" ಎಂದು ಅರ್ಧ ಜನ. "ಮೇಲೆ, ಬಲಗಡೆ, ನೀಲಿ ಬಣ್ಣ, ಕುರುಡಾ?" ಎಂದು ಇನ್ನರ್ಧ ಜನ. ಎರಡು ಪಂಗಡವಾಗಿ ಹೊಡೆದಾಟ. ಹಿಲ್ಮಾ ಎರಡನೆಯ ಪಂಗಡ. ಅವಳ ಪರದೆಯ ಮೇಲೆ ಆ ನೀಲಿ ಬಟನ್ನು ಹಬ್ಬದ ದೀಪದ ಹಾಗೆ ಹೊಳೆಯುತ್ತಿತ್ತು.

ಕಾಣುವುದಿಲ್ಲ ಅಂದವರಿಗೆಲ್ಲ ಅವಳು ಒಂದೇ ಉತ್ತರ ಅಂಟಿಸುತ್ತ ಹೋದಳು. ಅದು ಕೊಟ್ಟಿಗೆಯ ಮೊದಲ ನಿಯಮ, ಅವಳೇ ಬರೆದದ್ದು: ದೂರು ಹೇಳುವ ಮೊದಲು ನಿಮ್ಮ ತೇಪೆಗಳನ್ನೆಲ್ಲ ದೀಪ ಆರಿಸಿದ ಹಾಗೆ ಆರಿಸಿ, ಬರಿಗಣ್ಣಿಂದ ನೋಡಿ. ಈ ಜನಕ್ಕೆ ಒಂದು ಚಟ. ಮೈತುಂಬ ತೇಪೆ ಹಾಕಿಕೊಂಡು ಬಂದು, ಅಂಗಿ ಹರಿದಿದೆ ಅಂತ ದರ್ಜಿಯನ್ನು ಬೈಯುವುದು. "ಆರಿಸಿ ನೋಡಿದೆ, ಇಲ್ಲ" ಎಂದು ಅವರು. "ಇನ್ನೊಮ್ಮೆ ಆರಿಸಿ" ಎಂದು ಇವಳು.

ಡೆಲ್ಫೀನ್ ಬಂದದ್ದು ಆಗಲೇ.

ಡೆಲ್ಫೀನ್ ದೂರದ ದಕ್ಷಿಣದ ಲೂಸಿಯಾನಾದ ಹೆಂಗಸು. ಕೋರ್ಟಿನಲ್ಲಿ ವಕೀಲರು, ಸಾಕ್ಷಿಗಳು ಆಡಿದ್ದನ್ನೆಲ್ಲ ಆಡಿದ ಹಾಗೇ ಟೈಪು ಮಾಡುವ ಕೆಲಸದಲ್ಲಿದ್ದು ನಿವೃತ್ತಿಯಾದವಳು. ಕೊಟ್ಟಿಗೆಗೆ ಬರುವವರಲ್ಲಿ ಅರ್ಧ ಜನ ಬರುವುದು ಅವಳ ತೇಪೆಗಳಿಗಾಗಿ. ಆಸ್ಪತ್ರೆಯ ಚೀಟಿ ಓದಿಸುವುದು, ಪಿಂಚಣಿಯ ಪುಟ ನೆಟ್ಟಗೆ ಮಾಡುವುದು, ಎಲ್ಲ ಅವಳ ಕೈಯದೇ. ಹಿಲ್ಮಾಳೂ ಅವಳೂ ಒಮ್ಮೆಯೂ ಎದುರುಬದುರು ಕೂತಿಲ್ಲ. ಆದರೆ ಹಿಲ್ಮಾಳ ತಾಯಿ ಸತ್ತ ವಾರ ದಿನಾ ಫೋನ್ ಮಾಡಿ "ಊಟ ಮಾಡಿದ್ಯೇನ?" ಎಂದು ಕೇಳಿದವಳು ಅವಳೊಬ್ಬಳೇ.

ಡೆಲ್ಫೀನ್ ಚಾವಡಿಯಲ್ಲಿ ಬರೆದಳು: "ಬಟನ್ ಇಲ್ಲ. ತೇಪಿ ಎಲ್ಲಾ ಆರಿಸೇ ನೋಡೀನಿ. ಇಲ್ಲಂದ್ರ ಇಲ್ಲ. ವಾದ ಮಾಡಬ್ಯಾಡ ತಂಗಿ, ಸರಿ ಮಾಡು."

ವಾದ ಮಾಡಬ್ಯಾಡ ಅಂದದ್ದೇ ಬೆಂಕಿಗೆ ಬಿದ್ದ ಸೀಮೆಎಣ್ಣೆ. ಇಡೀ ಚಳಿಗಾಲದ ಬೆನ್ನುನೋವು ಹಿಲ್ಮಾಳ ಬೆರಳಿಗೆ ಇಳಿದು ಬಂತು. "ವಯಸ್ಸಾದ ಮೇಲೆ ಕೆಲವರಿಗೆ ಬಟನ್ ಕಾಣುವುದಿಲ್ಲ, ಜಗಳ ಮಾತ್ರ ಚೆನ್ನಾಗಿ ಕಾಣುತ್ತದೆ" ಎಂದು ಎಲ್ಲರೆದುರು ಬರೆದುಬಿಟ್ಟಳು. ಡೆಲ್ಫೀನ್ ಕೊಟ್ಟ ಉತ್ತರ ಚಿಕ್ಕದು: "ಆತು. ಸಂಜಿಕ ನನ್ನ ತೇಪಿ ಎಲ್ಲಾ ಕಿತ್ಕೊಂಡು ಹೋಗ್ತೀನಿ." ಹಿಲ್ಮಾ ಅವಳನ್ನು ಚಾವಡಿಯಿಂದ ಹೊರಗೆ ಹಾಕಿದಳು.

"ಡೆಲ್ಫೀನ್‌ನ?" ಎಂದ ರೇನೋ. "ಪ್ರತಿ ವರ್ಷ ನಮಗೆ ತಿನ್ನಕ್ಕೆ ಪೀಕನ್ ಕಾಯಿ ಕಳಿಸೋ ಡೆಲ್ಫೀನ್‌ನ?"

"ತಣ್ಣಗಾಗ್ಲಿ ಅಂತ. ಎರಡು ದಿನಕ್ಕೆ."

"ತಣ್ಣಗಾಗಬೇಕಾದ್ದು ಯಾರು ಅಂತ?"

"ರೇನೋ, ಸೌದೆ."

"ಹೋದ್ರೆ ಹೋಗ್ಲಿ ಅಂತಿದ್ಯಾ?"

ಹಿಲ್ಮಾ ತಣ್ಣಗಾದ ಕಾಫಿಯ ಬಟ್ಟಲು ಕೈಗೆತ್ತಿಕೊಂಡಳು. ಡೆಲ್ಫೀನ್ ಹೋದರೆ ಕೊಟ್ಟಿಗೆಯ ಜಂತಿಯೇ ಹೋದ ಹಾಗೆ, ಅದು ಅವಳಿಗೆ ಗೊತ್ತಿತ್ತು. ಆದರೆ ಅವಳನ್ನು ಚುಚ್ಚುತ್ತಿದ್ದದ್ದು ಅದಲ್ಲ. ಇನ್ನು ಮುಂದೆ ಆ ನಂಬರಿನಿಂದ ಫೋನೇ ಬರದಿದ್ದರೆ ಎಂದು ಒಂದು ಗಳಿಗೆ ಯೋಚಿಸಿದಳು, ಮತ್ತೆ ಆ ಯೋಚನೆಗೇ ಸಿಟ್ಟು ಬಂದು ಕಾಫಿಯನ್ನು ಬಚ್ಚಲಿಗೆ ಸುರಿದಳು.

ಅಷ್ಟು ಹೊತ್ತಿಗೆ ಅತ್ತೆ ಇಂಪಿ ಬಂದಳು. ಶನಿವಾರದ ಸೌನಾ ತಪ್ಪಿಸುವವಳಲ್ಲ. ಒಂದು ಕೈಯಲ್ಲಿ ಟವೆಲ್ಲು, ಇನ್ನೊಂದರಲ್ಲಿ ದಿಂಬಿನ ಚೀಲದೊಳಗೆ ಸುತ್ತಿಟ್ಟ ಲ್ಯಾಪ್‌ಟಾಪು. ಮೊಮ್ಮಗಳು ಕೊಡಿಸಿದ ಹೊಚ್ಚ ಹೊಸದು.

"ಹಿಲ್ಮಾ, ಆ ಪೇಪರಿನ ಸತ್ತೋರ ಪುಟಕ್ಕೆ ಅದೇನೋ ಹಾಕ್ಕೊಡ್ತೀನಿ ಅಂದಿದ್ದೆಯಲ್ಲ, ಹಾಕ್ಕೊಡು. ನಿನ್ನೆ ಆಲ್ಮಾ ಹೋದ್ಲು ಅಂತ ನೋಡಕ್ಕೆ ಹೋದ್ರೆ ಅವಳ ಮುಖದ ಮೇಲೇ ಒಂದು ಹಾಸಿಗೆ ಜಾಹೀರಾತು ಮಲಗಿದೆ! ಹೆಸರು ಓದೋಷ್ಟರಲ್ಲಿ ಹಾಸಿಗೆ ಬಂತು. ಹಾಸಿಗೆ ತಳ್ಳೋಷ್ಟರಲ್ಲಿ ಆಲ್ಮಾ ಹೋದ್ಲು."

"ಆಲ್ಮಾ ಹೋಗಿಯಾಗಿತ್ತಲ್ಲಮ್ಮ" ಎಂದ ರೇನೋ.

"ನೀನು ಬಾಯಿ ಮುಚ್ಚು, ಒಲೆ ನೋಡ್ಕೋ."

ಆ ತೇಪೆ ಹಿಲ್ಮಾ ಅತ್ತೆಗೆಂದೇ ಬರೆದದ್ದು. ಅದೂ ಕೊಟ್ಟಿಗೆಯಲ್ಲೇ ಇತ್ತು. ಇಂಪಿಯ ಬ್ರೌಸರಿನಲ್ಲಿ ಆ ತೇಪೆಯ ಪುಟ ತೆರೆದು ಅತ್ತೆಯ ಮುಂದೆ ತಳ್ಳಿ, ತನ್ನ ಪರದೆಯತ್ತ ತಿರುಗಿದಳು. ಚಾವಡಿಯಲ್ಲಿ ಇನ್ನೂ ಮೂವರು ಬಟನ್ ಕಾಣುತ್ತಿಲ್ಲವೆಂದು ಬಂದಿದ್ದರು.

"ಆ ನೀಲಿ ಬಟನ್ ಒತ್ತಿ ಅತ್ತೆ."

"ಯಾವ ನೀಲಿ?"

"ಮೇಲೆ. ಬಲಗಡೆ."

"ಮೇಲೆ ಬಲಗಡೆ ಬಿಳೀದಿದೆ. ಬರೀ ಬಿಳೀದು. ಹಿಮ ಬಿದ್ದಂಗೆ."

"ಅತ್ತೇ, ದಮ್ಮಯ್ಯ, ನೀವೂ ಶುರು ಮಾಡ್ಬೇಡಿ!"

"ಏನು ಶುರು ಮಾಡ್ಬೇಡಿ? ಪೊರೆ ತೆಗೆಸ್ಕೊಂಡ ಮೇಲೆ ಹದ್ದಿನ ಕಣ್ಣು ನಂದು. ಡಾಕ್ಟರೇ ಹೇಳಿದಾರೆ. ಬಾ, ನೀನೇ ತೋರ್ಸು ನೀಲಿ."

ತೋರಿಸಲೆಂದು ಹಿಲ್ಮಾ ಬೆರಳು ನೀಡಿಕೊಂಡೇ ಬಗ್ಗಿದಳು. ಬೆರಳು ಗಾಳಿಯಲ್ಲೇ ನಿಂತಿತು. ನೀಲಿ ಇರಲಿಲ್ಲ.

ಅವಳು ಎರಡು ಲ್ಯಾಪ್‌ಟಾಪುಗಳನ್ನೂ ಪಕ್ಕಪಕ್ಕ ಎಳೆದಿಟ್ಟಳು. ಅದೇ ಪುಟ, ಅದೇ ಹೆಸರು. ಇಲ್ಲಿ ಬಟನ್ ಇದೆ, ಅಲ್ಲಿ ಇಲ್ಲ. ಅತ್ತೆಯದು ಹೊಸ ಯಂತ್ರ, ಮೈಮೇಲೆ ಒಂದೂ ತೇಪೆಯಿಲ್ಲ. ತನ್ನದರಲ್ಲಿ? ಎಲ್ಲರಿಗೂ ಆರಿಸಿ ಆರಿಸಿ ಎಂದು ಬೆಳಗಿಂದ ಬೋಧಿಸಿದವಳು ತನ್ನದನ್ನು ಆರಿಸಿಯೇ ಇರಲಿಲ್ಲ. ಚಳಿಗಾಲವಿಡೀ ಆರಿಸಿರಲಿಲ್ಲ. ಕಟ್ಟಿದವಳಿಗೆ ತನ್ನ ಮನೆಯ ಬಾಗಿಲು ಕಾಣದೇ ಹೋಗುತ್ತದೆಯೇ ಎಂಬ ಜಂಬ.

ಒಂದೊಂದಾಗಿ ತೇಪೆ ಆರಿಸುತ್ತ ಬಂದಳು. ನಾಲ್ಕೈದು ಆರಿಸಿದರೂ ಬಟನ್ ಅಲುಗಲಿಲ್ಲ. ತಳದಲ್ಲಿ ಒಂದು ತೀರಾ ಹಳೆಯದು ಕೂತಿತ್ತು. "ಬಟನ್ ಮ್ಯಾಲಿರಬೇಕವಾ ತಂಗಿ" ಎಂದು ಅದರ ಹೆಸರು. ಆರಿಸಿದಳು. ನೀಲಿ ಬಟನ್ನು ಹೊಗೆಯಂತೆ ಮಾಯವಾಯಿತು.

"ಅಯ್ಯೋ ನನ್ನ ಮುಖಕ್ಕಿಷ್ಟು!" ಎಂದಳು ಹಿಲ್ಮಾ.

ಡೆಲ್ಫೀನ್ ಅದನ್ನು ಬರೆದು ವರ್ಷಗಳೇ ಆಗಿದ್ದವು. ಹಳೆಯ ಕೊಟ್ಟಿಗೆಯ ಪುಟದ ತಳದಲ್ಲಿ ಬಟನ್ ಹುಡುಕಿ ಹುಡುಕಿ ಬೇಸತ್ತು, ಪುಟದ ನೆತ್ತಿಯ ಮೇಲೆ ತಾನೇ ಒಂದು ನೀಲಿ ಬಟನ್ ಬರೆದು ಕೂರಿಸುವ ತೇಪೆ ಮಾಡಿ, ಹಂಗಿಸಲೆಂದೇ ಹಿಲ್ಮಾಗೆ ಕಳಿಸಿದ್ದಳು. ಹಿಲ್ಮಾ ನಗುತ್ತ ಹಾಕಿಕೊಂಡಿದ್ದಳು, ಆಮೇಲೆ ಮರೆತಿದ್ದಳು. ಕೊಟ್ಟಿಗೆಯ ಅರ್ಧ ಜನವೂ ಹಾಕಿಕೊಂಡಿದ್ದರು. ಹೊಸ ಸೈಟಿನ ನಿಜವಾದ ಬಟನ್ನು, ತೇಪೆ ಬರೆದವರ ಹೆಸರು ತೋರಿಸುವ ಪಟ್ಟಿಯ ಹಿಂದೆ ಸಿಕ್ಕಿಕೊಂಡು ಮರೆಯಾಗಿದ್ದರೂ ಅವರಿಗೂ ಇವಳಿಗೂ ಏನೂ ತಿಳಿಯದಂತೆ, ಡೆಲ್ಫೀನಳ ತೇಪೆ ನಿಷ್ಠೆಯಿಂದ ತನ್ನ ಬಟನ್ನನ್ನು ಬರೆಯುತ್ತಲೇ ಇತ್ತು. ನಿಯಮ ಪಾಲಿಸಿ ತೇಪೆ ಆರಿಸಿ ನೋಡಿದವಳು ಡೆಲ್ಫೀನ್.

"ಏನಾಯ್ತೇ?" ಎಂದಳು ಇಂಪಿ.

"ಏನಿಲ್ಲ ಅತ್ತೆ. ನಿಮ್ಮ ಕಣ್ಣು ಚೆನ್ನಾಗಿದೆ."

"ನಾನೇನಂದೆ ಮತ್ತೆ?"

ಸರಿ ಮಾಡುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಒಂದು ಸಾಲು ತಪ್ಪಿತ್ತು, ಒಂದು ಸಾಲು ತಿದ್ದಿದಳು. ಇಂಪಿಯ ಪರದೆಯ ಮೇಲೆ ನೀಲಿ ಬಂತು; ಇಂಪಿ ಒತ್ತಿದಳು; ಆಲ್ಮಾಳ ಮುಖದ ಮೇಲಿಂದ ಹಾಸಿಗೆ ಎದ್ದು ಹೋಯಿತು. "ಪಾಪ, ಈ ಫೋಟೋದಲ್ಲಿ ಎಷ್ಟು ಚೆನ್ನಾಗಿದಾಳೆ" ಎನ್ನುತ್ತ ಅತ್ತೆ ಓದತೊಡಗಿದಳು.

ಡೆಲ್ಫೀನಳ ತೇಪೆಗಳು ಇನ್ನೂ ಇದ್ದವು. ಹಿಲ್ಮಾ ನೋಡಿಕೊಂಡಳು. ಸಂಜೆಯಾಗಿರಲಿಲ್ಲ.

"ನೀನು ಯಜಮಾನಿ ತಾನೆ?" ಎಂದ ರೇನೋ ಮೆಲ್ಲಗೆ. "ಅವಳು ಕೀಳದ ಹಾಗೆ ನೀನೇ ಬೀಗ ಹಾಕಕ್ಕೆ ಬರಲ್ವಾ?"

"ಬರುತ್ತೆ."

"ಮತ್ತೆ?"

"ಅವಳದ್ದು ಅವಳದ್ದು. ಹಂಗೆಲ್ಲ ಬೀಗ ಹಾಕಿದ್ರೆ ಕೊಟ್ಟಿಗೆ ಅಲ್ಲ ಅದು, ಜೈಲು."

"ಹಂಗಾದ್ರೆ ಫೋನ್ ಮಾಡು."

"ಮಾಡ್ತೀನಿ ಕಣೋ, ಮಾಡ್ತೀನಿ! ಎಲ್ಲ ಸೇರಿ ನನ್ನ ಪ್ರಾಣ ತಿನ್ಬೇಡಿ!"

ಮೊದಲು ಚಾವಡಿಯ ಬಾಗಿಲು ತೆಗೆದು ಡೆಲ್ಫೀನಳ ಹೆಸರನ್ನು ಒಳಗೆ ಬಿಟ್ಟಳು. ಎಲ್ಲರಿಗೂ ಕಾಣುವಂತೆ ನಾಲ್ಕು ಸಾಲು ಬರೆದಳು. ಆಮೇಲೆ ಫೋನ್ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದಳು. ರಿಂಗ್ ಹೋಗುತ್ತಲೇ ಇತ್ತು. ಇಟ್ಟುಬಿಡೋಣ ಅನ್ನುವಷ್ಟರಲ್ಲಿ ಡೆಲ್ಫೀನ್ ಎತ್ತಿದಳು.

"ಯಾರು?"

"ನಾನು. ಹಿಲ್ಮಾ."

"ಯಾವ ಹಿಲ್ಮಾ? ಮಂದೀನ್ನ ಹೊರಗ ಹಾಕೂ ಹಿಲ್ಮಾನ?"

"ಹೌದು. ಅವಳೇ."

"ಲಗೂನ ಹೇಳು. ಒಲಿ ಮ್ಯಾಲ ಗಂಬೋ ಸಾರಿಗೆ ಎಣ್ಣ್ಯಾಗ ಹಿಟ್ಟು ಹುರೀಲಿಕ್ಹತ್ತೀನಿ. ಕೈ ಬಿಟ್ರ ಸೀದು ಹೋಗ್ತದ."

ಫೋನನ್ನು ಹೆಗಲಿಗೆ ಸಿಕ್ಕಿಸಿಕೊಂಡಿರಬೇಕು; ಮರದ ಸೌಟು ಪಾತ್ರೆಯ ತಳ ಕೆರೆಯುವ ಸದ್ದು ಒಂದೇ ಸಮ ಕೇಳುತ್ತಿತ್ತು. ಹಿಲ್ಮಾ ಹೇಳಿದಳು. ಅತ್ತೆಯ ಲ್ಯಾಪ್‌ಟಾಪಿನಿಂದ ಹಿಡಿದು ತಳದಲ್ಲಿ ಕೂತಿದ್ದ ತೇಪೆಯ ತನಕ, ಏನೂ ಬಿಡದೆ ಹೇಳಿದಳು. ಸೌಟು ಸುತ್ತುತ್ತಲೇ ಇತ್ತು.

"ಅಂದ್ರ," ಎಂದಳು ಡೆಲ್ಫೀನ್, "ನನ್ನ ಬಟನ್ ನೋಡ್ಕೋತ ನನಗ ಕಣ್ಣಿಲ್ಲ ಅಂದಿ."

"ಹೂಂ."

"ಎಲ್ಲಾರ ಮುಂದ ಅಂದಿ."

"ಎಲ್ಲರ ಮುಂದೇನೇ ಬರೆದಿದೀನಿ ಈಗ. 'ಬಟನ್ ಇರಲಿಲ್ಲ. ಡೆಲ್ಫೀನ್ ಹೇಳಿದ್ದೇ ಸರಿ. ನನಗೆ ಕಾಣುತ್ತಿದ್ದ ಬಟನ್ ಅವಳು ಬರೆದದ್ದು. ಈಗ ಸರಿ ಮಾಡಿದ್ದೇನೆ.' ಅಂತ."

"ಅದರಾಗ 'ತಪ್ಪಾಯ್ತು' ಅನ್ನೂ ಮಾತು ಎಲ್ಲೈತಿ?"

ಹಿಲ್ಮಾ ಕಣ್ಣು ಮುಚ್ಚಿದಳು. ಕೋರ್ಟಿನಲ್ಲಿ ಟೈಪು ಮಾಡಿದ ಹೆಂಗಸು! "ಅರ್ಥ ಆಗುತ್ತಲ್ಲ ಡೆಲ್ಫೀನ್, ಓದಿದ್ರೆ!"

"ಅರ್ಥ ಆಗೂದು ಬ್ಯಾರೆ, ಬರದದ್ದು ಬ್ಯಾರೆ."

ಹಿಲ್ಮಾ ಧಡಧಡ ಮೇಜಿನ ಹತ್ತಿರ ಬಂದು ಒಂದೇ ಕೈಯಲ್ಲಿ ಕುಟ್ಟಿದಳು. "ಹಾಕಿದೆ. ತಪ್ಪಾಯ್ತು. ಕೊನೇಲಿ ಹಾಕಿದೀನಿ."

"ಮೊದಲಿಗೆ ಹಾಕು."

"ಡೆಲ್ಫೀನ್!"

"ಮೊದಲಿಗೆ ಹಾಕವಾ. ಮಂದಿ ಕೊನೀತನಾ ಓದೂದಿಲ್ಲ."

ಹಾಕಿದಳು. ರೇನೋ ನಗು ತಡೆಯಲಾರದೆ ಸೌನಾಗೆ ಸೌದೆ ಹಾಕಲು ಎದ್ದುಹೋದ. ಇಂಪಿ ಇನ್ನೊಬ್ಬರ ಸಾವಿನ ಸುದ್ದಿ ತೆರೆದು ಕನ್ನಡಕವಿಲ್ಲದೆ ಓದುತ್ತಿದ್ದಳು.

"ನಿನ್ನ ತೇಪೆಗಳು..." ಎಂದಳು ಹಿಲ್ಮಾ.

"ಸಂಜಿಕ ಅಂದಿದ್ದೆ. ನಾ ಅಂದದ್ದು ಅಂದ ಹಾಂಗ ಮಾಡಾಕಿ."

"ಗೊತ್ತು."

"ಗೊತ್ತಿದ್ರ ಆತು."

ಸೌಟು ಸುತ್ತುತ್ತಿತ್ತು. ಹಿಲ್ಮಾಗೆ ಇನ್ನು ಬೇಡಿಕೊಳ್ಳುವುದು ಹೇಗೆಂದು ತಿಳಿಯಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ. "ಬಟನ್ ಸರಿ ಮಾಡಿದೀನಿ. ನನ್ನ ಬ್ರೌಸರಿನಲ್ಲಿ ಎಲ್ಲ ತೇಪೆ ಆರಿಸಿ ನೋಡ್ದೆ. ಆದ್ರೂ ನೀನೊಂದ್ಸಲ ನೋಡಿದ್ರೆ ನನಗೆ ಧೈರ್ಯ."

"ಈಗ ಹ್ಯಾಂಗ ನೋಡ್ಲಿ? ಹೇಳಿದ್ನಲ್ಲ, ಹಿಟ್ಟು ಇನ್ನೂ ಕೆಂಪಾಗಿಲ್ಲ. ಇದು ಬಿಟ್ಟೇಳೂ ಕೆಲಸಲ್ಲ."

"ಆಮೇಲೆ ನೋಡು. ಅವಸರ ಇಲ್ಲ."

"ಅವಸರ ಇಲ್ಲಂತ ಈಗ ಹೇಳ್ತಾಳ. ಮುಂಜಾನಿಂದ ಎಲ್ಲಿತ್ತು ಈ ಸಮಾಧಾನ?"

ಹಿಲ್ಮಾ ಮತ್ತೆ ಕಿಟಕಿಯ ಹತ್ತಿರ ಹೋದಳು. ಡೆಲ್ಫೀನ್ ಫೋನ್ ಇಡಲಿಲ್ಲ. ಕಿಟಕಿಯಾಚೆ ಸೌನಾದ ಹೊಗೆ ನೆಟ್ಟಗೆ ಏರುತ್ತಿತ್ತು. ಕಿವಿಯಲ್ಲಿ ಮರದ ಸೌಟು ಒಂದು ಸುತ್ತು, ಇನ್ನೊಂದು ಸುತ್ತು, ಆತುರವಿಲ್ಲದೆ ತಳ ಕೆರೆಯುತ್ತಿತ್ತು. ಹಿಲ್ಮಾ ಉಸಿರು ಸಣ್ಣಗೆ ಮಾಡಿಕೊಂಡು ಕೇಳುತ್ತ ನಿಂತಳು.

ಆಮೇಲೆ ಒಲೆಯ ಗುಂಡಿ ತಿರುಗಿಸಿ ಆರಿಸಿದ ಟಕ್ ಎಂಬ ಸದ್ದು. ಸೌಟು ನಿಂತಿತು. ಎಲ್ಲೋ ದೂರದಲ್ಲಿ, ಹಲಗೆಯ ನೆಲದ ಮೇಲೆ ಒಂದು ಕುರ್ಚಿ ಎಳೆದ ಸದ್ದಾಯಿತು, ಹಿಂದೆಯೇ ಕಂಪ್ಯೂಟರಿನ ಕೀಲಿಗಳ ಟಕಟಕ.